ಉತಾರದ ಕಾಲಂ, ವೆಬ್‌ನ ಚೌಕಟ್ಟು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ರೈತನಿಗೆ ‘ಉತಾರ’ ಎಂಬ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರಿ ಕಾಗದದಲ್ಲಿ ಅದು ಪಹಣಿ ಪತ್ರಿಕೆ. ಇಂಗ್ಲಿಷಿನ ಮೂರಕ್ಷರದಲ್ಲಿ ಆರ್‌ಟಿಸಿ. ಬ್ಯಾಂಕಿನ ಸಾಲಕ್ಕೆ, ಬೆಳೆ ವಿಮೆಗೆ, ಹೊಲದ ಮಾರಾಟಕ್ಕೆ, ಅಣ್ಣತಮ್ಮಂದಿರ ವಾಟ್ನಿಗೆ, ಕೋರ್ಟಿನ ವ್ಯಾಜ್ಯಕ್ಕೆ ಎಲ್ಲದಕ್ಕೂ ಮೊದಲು ಕೇಳುವುದು ಉತಾರವನ್ನೇ. ಒಂದು ಕಾಲಕ್ಕೆ ಇದಕ್ಕಾಗಿ ವಾರಗಟ್ಟಲೆ ಅಲೆಯಬೇಕಾಗಿತ್ತು. ಈಗ ಸರ್ವೆ ನಂಬರು ಗೊತ್ತಿದ್ದರೆ ಮೊಬೈಲ್ ಪರದೆಯ ಮೇಲೆಯೇ ನೋಡಬಹುದು.

ಹೀಗೆ ಕೇಳಿದ ಕೂಡಲೇ ಉತ್ತರ ಕೊಡುವ ಜಾಲತಾಣಗಳನ್ನು ಕಟ್ಟಲು ತಂತ್ರಜ್ಞರು ಬಳಸುವ ಸಿದ್ಧ ಸಾಧನಕ್ಕೆ ‘ವೆಬ್ ಅಪ್ಲಿಕೇಶನ್ ಫ್ರೇಮ್‌ವರ್ಕ್’ ಎಂದು ಹೆಸರು. ಕನ್ನಡದಲ್ಲಿ ಚೌಕಟ್ಟು ಎನ್ನೋಣ. ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಇಂದು ಬೇಗನೆ ಕಲಿಯಲು ಹೊರಡುವ ವಿದ್ಯೆಗಳಲ್ಲಿ ಇದೂ ಒಂದು. ಅವರಲ್ಲಿ ಬಹಳಷ್ಟು ಜನ ಇದನ್ನು ಬೇರೆ ದೇಶದಿಂದ ಬಂದ ಹೊಚ್ಚ ಹೊಸ ಸಂಗತಿ ಎಂದೇ ಭಾವಿಸುತ್ತಾರೆ. ಯಂತ್ರ ಹೊಸದು ಎಂಬುದು ನಿಜ. ಆದರೆ ಆ ಚೌಕಟ್ಟು ಮಾಡುವ ಕೆಲಸ ಈ ನಾಲ್ಕು ಊರುಗಳ ಕಚೇರಿಗಳಲ್ಲಿ ಕಾಗದದ ಮೇಲೆ ತಲೆಮಾರುಗಳಿಂದ ನಡೆದುಬಂದದ್ದು. ಆ ಚರಿತ್ರೆಯನ್ನು ಒಮ್ಮೆ ನೋಡಿದರೆ, ಹೊಸದಾಗಿ ಕಲಿಯುವವನಿಗೆ ಯಾವುದು ಸುಲಭ, ಯಾವುದು ಕಠಿಣ ಎಂಬುದು ಸ್ಪಷ್ಟವಾಗುತ್ತದೆ.

ಆವಕ, ದಫ್ತರ, ಜಾವಕ

ಚೌಕಟ್ಟು ಎಂದರೇನು? ಇದನ್ನು ತಿಳಿಯಲು ತಾಲೂಕು ಕಚೇರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ರೈತ ಅರ್ಜಿ ತಂದು ಆವಕ ವಿಭಾಗದಲ್ಲಿ ಕೊಡುತ್ತಾನೆ. ಅಲ್ಲಿಯ ಗುಮಾಸ್ತ ಅದು ಯಾವ ವಿಷಯದ ಅರ್ಜಿ ಎಂದು ನೋಡಿ ಸಂಬಂಧಪಟ್ಟ ಟೇಬಲ್ಲಿಗೆ ಕಳಿಸುತ್ತಾನೆ. ಆ ಟೇಬಲ್ಲಿನವನು ಅರ್ಜಿ ಸರಿಯಿದೆಯೇ, ಕೇಳಿದವನಿಗೆ ಕೇಳುವ ಅಧಿಕಾರ ಇದೆಯೇ ಎಂದು ಪರಿಶೀಲಿಸಿ, ದಫ್ತರಖಾನೆಯಿಂದ ರಿಜಿಸ್ಟರು ತರಿಸುತ್ತಾನೆ. ಅದರಲ್ಲಿಯ ವಿವರವನ್ನು ಅಚ್ಚಾದ ನಮೂನೆಯಲ್ಲಿ ತುಂಬುತ್ತಾನೆ. ಸಹಿ ಬಿದ್ದ ಮೇಲೆ ಜಾವಕ ವಿಭಾಗದಿಂದ ಕಾಗದ ಹೊರಗೆ ಬರುತ್ತದೆ.

ವೆಬ್ ಚೌಕಟ್ಟಿನಲ್ಲಿ ನಡೆಯುವುದೂ ಇಷ್ಟೇ. ನೀವು ಪರದೆಯ ಮೇಲೆ ಒಂದು ವಿಳಾಸ ಒತ್ತಿದರೆ ಅದು ಅರ್ಜಿ. ಯಾವ ವಿಳಾಸದ ಅರ್ಜಿ ಯಾರಿಗೆ ಹೋಗಬೇಕು ಎಂಬ ಪಟ್ಟಿಗೆ ‘ರೂಟಿಂಗ್’ ಎನ್ನುತ್ತಾರೆ. ಇದು ಆವಕ ವಿಭಾಗ. ಅರ್ಜಿ ನೋಡಿ ಏನು ಮಾಡಬೇಕೆಂದು ತೀರ್ಮಾನಿಸುವ ಭಾಗಕ್ಕೆ ಕೆಲವರು ‘ಕಂಟ್ರೋಲರ್’ ಎಂದೂ ಕೆಲವರು ‘ವ್ಯೂ’ ಎಂದೂ ಕರೆಯುತ್ತಾರೆ. ಇದು ಟೇಬಲ್ಲಿನ ಗುಮಾಸ್ತ. ಯಾವ ಮಾಹಿತಿಯನ್ನು ಯಾವ ಕಾಲಂನಲ್ಲಿ ಇಡಬೇಕು ಎಂದು ಹೇಳುವುದು ‘ಮಾಡೆಲ್’; ಇದು ರಿಜಿಸ್ಟರಿನ ತಲೆಬರಹ. ಉತ್ತರವನ್ನು ಅಂದವಾಗಿ ಜೋಡಿಸುವ ಖಾಲಿ ನಮೂನೆ ‘ಟೆಂಪ್ಲೇಟ್’. ಪಾಸ್‌ವರ್ಡ್ ಕೇಳುವುದು, ಹೆಸರಿನ ಜಾಗದಲ್ಲಿ ಆಜ್ಞೆಯನ್ನೇ ಬರೆದು ಯಂತ್ರವನ್ನು ಮೋಸಗೊಳಿಸುವ ಕಳ್ಳಾಟವನ್ನು ತಡೆಯುವುದು ಮುಂತಾದ ಕಾವಲಿನ ಕೆಲಸದಲ್ಲೂ ಚೌಕಟ್ಟಿನ ನೆರವು ಉಂಟು.

ಇವೆಲ್ಲ ಪ್ರತಿಯೊಂದು ಜಾಲತಾಣಕ್ಕೂ ಬೇಕಾಗುವ ಸಂಗತಿಗಳು. ಪ್ರತಿ ಸಲ ಹೊಸದಾಗಿ ಬರೆಯುತ್ತ ಕೂಡುವುದು ಹೊಸ ಮನೆ ಕಟ್ಟುವಾಗಲೆಲ್ಲ ಇಟ್ಟಂಗಿ ಭಟ್ಟಿಯನ್ನೂ ತಾನೇ ಹಾಕಿದಂತೆ. ಎಲ್ಲರಿಗೂ ಬೇಕಾದ ಭಾಗವನ್ನು ಒಮ್ಮೆ ಗಟ್ಟಿಯಾಗಿ ಮಾಡಿಟ್ಟು, ತನ್ನ ಕೆಲಸಕ್ಕಷ್ಟೇ ಬೇಕಾದ ಭಾಗವನ್ನು ಬರೆಯುವವನಿಗೆ ಬಿಡುವುದೇ ಚೌಕಟ್ಟಿನ ಗುಟ್ಟು.

ಪತ್ರಿಕಾ ಕಚೇರಿಯ ಕೂಸು

ಈ ಗುಟ್ಟು ಒಂದೇ ದಿನ ಹೊಳೆದದ್ದಲ್ಲ. ಮಾಹಿತಿಯನ್ನು ಸಾಲು ಮತ್ತು ಕಾಲಂಗಳ ಕೋಷ್ಟಕದಲ್ಲಿ ಇಡುವ ಶಾಸ್ತ್ರೀಯ ವಿಧಾನವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ. ಮಾಹಿತಿ, ನೋಟ, ನಿಯಂತ್ರಣ ಎಂದು ತಂತ್ರಾಂಶವನ್ನು ಮೂರು ಭಾಗ ಮಾಡುವ ವಿಚಾರವನ್ನು ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್ 1979ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದಾಗ ಬರೆದಿಟ್ಟ. ಆಗಿನ್ನೂ ವೆಬ್ ಎಂಬುದೇ ಇರಲಿಲ್ಲ. ಟಿಮ್ ಬರ್ನರ್ಸ್ ಲೀ ಅದರ ಪ್ರಸ್ತಾವ ಬರೆದದ್ದು 1989ರಲ್ಲಿ. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ಸೇವೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ.

ಮೊದಲ ವರ್ಷಗಳಲ್ಲಿ ವೆಬ್ ಪುಟಗಳೆಂದರೆ ಗೋಡೆಗೆ ಅಂಟಿಸಿದ ನೋಟೀಸಿನಂತೆ: ಯಾರು ನೋಡಿದರೂ ಅದೇ ಅಕ್ಷರ. 1993ರ ಹೊತ್ತಿಗೆ, ಕೇಳಿದವನಿಗೆ ತಕ್ಕಂತೆ ಪುಟವನ್ನು ಆ ಕ್ಷಣದಲ್ಲೇ ತಯಾರಿಸಿ ಕೊಡುವ ‘ಸಿಜಿಐ’ ಪದ್ಧತಿ ಬಂತು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ‘ಪಿಎಚ್‌ಪಿ’ಯನ್ನು ಹೊರತಂದ. ಕೆಲಸ ಹಗುರವಾಯಿತು, ಆದರೆ ಪ್ರತಿಯೊಬ್ಬನೂ ತನಗೆ ತೋಚಿದಂತೆ ಬರೆಯತೊಡಗಿದ. ಒಬ್ಬ ಬರೆದದ್ದು ಇನ್ನೊಬ್ಬನಿಗೆ ತಿಳಿಯದಾಯಿತು. ಈ ಗೊಂದಲಕ್ಕೆ ಪರಿಹಾರವಾಗಿ ಬಂದವುಗಳಲ್ಲಿ ಹೆಸರಾದವು ಎರಡು. ಡೆನ್ಮಾರ್ಕಿನ ಡೇವಿಡ್ ಹೈನೆಮಿಯರ್ ಹ್ಯಾನ್ಸನ್ 2004ರಲ್ಲಿ ಹೊರತಂದ ‘ರೈಲ್ಸ್’ ಒಂದು. ‘ಜಾಂಗೊ’ ಇನ್ನೊಂದು.

ಜಾಂಗೊದ ಹುಟ್ಟು ಪತ್ರಿಕೆ ಓದುವವರಿಗೆ ವಿಶೇಷ ಸ್ವಾರಸ್ಯದ್ದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬುದು ದೊಡ್ಡ ಮಹಾನಗರವೇನೂ ಅಲ್ಲ. ಅಲ್ಲಿಯ ದಿನಪತ್ರಿಕೆ ‘ಲಾರೆನ್ಸ್ ಜರ್ನಲ್ ವರ್ಲ್ಡ್’. ಅದರ ವೆಬ್ ವಿಭಾಗದಲ್ಲಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಎಂಬ ಯುವಕರಿಗೆ ಸುದ್ದಿಮನೆಯಿಂದ ಮೇಲಿಂದ ಮೇಲೆ ಬೇಡಿಕೆ ಬರುತ್ತಿತ್ತು. ಅದೂ ಗಂಟೆ, ದಿನಗಳ ಗಡುವಿನಲ್ಲಿ. ಪ್ರತಿ ಸಲ ಮೊದಲಿನಿಂದ ಬರೆಯಲು ಸಮಯವಿಲ್ಲದೆ, 2003ರಲ್ಲಿ ಅವರು ಸಾಮಾನ್ಯ ಭಾಗಗಳನ್ನು ಬೇರ್ಪಡಿಸಿ ಒಂದು ಚೌಕಟ್ಟು ಮಾಡಿಕೊಂಡರು. 2005ರ ಜುಲೈಯಲ್ಲಿ ಅದು ಜಗತ್ತಿಗೇ ಉಚಿತವಾಗಿ ಸಿಕ್ಕಿತು. ಜಾಂಗೊ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನ ಹೆಸರನ್ನು ಅದಕ್ಕೆ ಇಟ್ಟರು. ಗಡುವಿನ ಒತ್ತಡ ಎಂತಹ ಉಪಕಾರ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎಲ್ಲರಿಗೂ ಬೇಕಾದ ಭಾಗವನ್ನು ಅಚ್ಚುಹಾಕಿ ಇಡುವ ಈ ಉಪಾಯ ಗಣಕಯಂತ್ರಕ್ಕಿಂತ ಬಹಳ ಹಳೆಯದು. ಅದನ್ನು ಕಾಣಲು ಮತ್ತೆ ಮಲಪ್ರಭೆಯ ದಂಡೆಗೆ ಬರಬೇಕು.

ಕಲ್ಲಿನಿಂದ ದಫ್ತರಕ್ಕೆ

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ರಟ್ಟರ ರಾಜಧಾನಿಯಾಗಿದ್ದ ಊರು ಅದು. ರಟ್ಟ ಶಾಂತಿವರ್ಮ ತಾನು ಕಟ್ಟಿಸಿದ ಜಿನಾಲಯಕ್ಕೆ ಭೂಮಿ ಬಿಟ್ಟುಕೊಟ್ಟ ಸಂಗತಿ ಇಲ್ಲಿಯ 980ರ ಶಾಸನದಲ್ಲಿದೆ. ದಾನಶಾಸನಗಳನ್ನು ಓದಿದವರಿಗೆ ಅವುಗಳ ಕ್ರಮ ಗೊತ್ತು: ಅರಸನ ಹೆಸರು, ತಿಥಿ, ಕೊಟ್ಟವನು, ಪಡೆದವನು, ಭೂಮಿಯ ಅಳತೆ, ನಾಲ್ಕು ದಿಕ್ಕಿನ ಎಲ್ಲೆ, ಕೊನೆಗೆ ಅಳಿಪಿದವನಿಗೆ ಶಾಪ. ಊರು ಬೇರೆಯಾದರೂ ಜಾಡು ಅದೇ. ಅಂದರೆ ನಮೂನೆಯ ಕಲ್ಪನೆ ಆಗಲೇ ಇತ್ತು. ಆದರೆ ಕಲ್ಲಿಗೆ ಏರಿದ್ದು ದಾನದ ಭೂಮಿ ಮಾತ್ರ. ಉಳುವವನ ಹೊಲದ ಲೆಕ್ಕಕ್ಕೆ ಕಲ್ಲಿನಲ್ಲಿ ಜಾಗವಿರಲಿಲ್ಲ.

ಮುಂದಿನ ಶತಮಾನಗಳಲ್ಲಿ ಆ ಲೆಕ್ಕ ಕುಲಕರ್ಣಿಯ ದಫ್ತರಕ್ಕೆ ಬಂತು. ಹೊಲವನ್ನು ‘ಇಷ್ಟು ಕೂರಿಗೆ’ ಎಂದು ಬಿತ್ತುವ ಸಾಧನದ ಮೇಲೆ ಅಳೆಯುವ ರೂಢಿ ಇತ್ತು. ಕುಲಕರ್ಣಿಕೆ ವಂಶಪಾರಂಪರ್ಯದ ವತನ. ಬಟ್ಟೆಯಲ್ಲಿ ಕಟ್ಟಿದ ದಫ್ತರ ಅವನ ಮನೆಯಲ್ಲಿ. ಅದನ್ನು ಓದುವ ಬಗೆಯೂ ಅವನಿಗೇ ಗೊತ್ತು. ಇಂದಿನ ಗಣಕ ಭಾಷೆಯಲ್ಲಿ ಹೇಳುವುದಾದರೆ, ಪ್ರತಿ ಊರಿಗೂ ಬೇರೆ ತಂತ್ರಾಂಶ, ಅದನ್ನು ಬಲ್ಲವನು ಒಬ್ಬನೇ.

1824ರಲ್ಲಿ ಕಿತ್ತೂರು ಬಿತ್ತು. ರಾಣಿ ಚನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ಕಣ್ಮುಚ್ಚಿದಳು. ಅದೇ ಹೊತ್ತಿಗೆ ಎದ್ದ ಸಂಗೊಳ್ಳಿ ರಾಯಣ್ಣನ ದಂಡು ಮೊದಲು ಕೈಹಾಕಿದ್ದು ಎಲ್ಲಿಗೆ ಎಂಬುದು ಗಮನಿಸಬೇಕಾದ ಸಂಗತಿ. ಬೀಡಿ, ಸಂಪಗಾವಿಯ ಸರ್ಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ರಾಯಣ್ಣ ಸೇವೆಗೆ ಪ್ರತಿಯಾಗಿ ಭೂಮಿ ಪಡೆದ ಶೇತಸನದಿ ಮನೆತನದವನು. ಸೇವೆ ಬೇಡಿದ ಸಂಸ್ಥಾನ ಹೋದ ಮೇಲೆ ಅಂಥ ಭೂಮಿಗಳ ಮೇಲೆ ಕಂಪನಿ ಸರ್ಕಾರದ ಕಣ್ಣು ಬಿದ್ದಿತ್ತು. ಕಚೇರಿ ಎಂದರೆ ಕಂದಾಯ, ಕಂದಾಯ ಎಂದರೆ ಕಾಗದ. ತನ್ನ ಹೊಲವನ್ನು ತನ್ನಿಂದ ಕಸಿಯುವ ಶಕ್ತಿ ಬಂದೂಕಿಗೆ ಎಷ್ಟಿತ್ತೋ ಅಷ್ಟೇ ಆ ಕಾಗದಕ್ಕೂ ಇತ್ತು ಎಂಬುದನ್ನು ಓದು ಬರಹ ಬಲ್ಲದ ರೈತನೂ ಅರಿತಿದ್ದ.

ವಿಂಗೇಟನ ಅಚ್ಚು

1836ರಲ್ಲಿ ಧಾರವಾಡದಿಂದ ಬೇರೆಯಾಗಿ ಬೆಳಗಾವಿ ಜಿಲ್ಲೆಯಾಯಿತು. ಇಂದಿನ ಬೈಲಹೊಂಗಲ, ಕಿತ್ತೂರುಗಳ ಸೀಮೆ ಆಗಿನ ಕಾಗದದಲ್ಲಿ ಸಂಪಗಾವಿ ತಾಲೂಕು. ಸವದತ್ತಿಯದು ಪರಸಗಡ ತಾಲೂಕು. ಕಂಪನಿ ಸರ್ಕಾರದ ಮೊದಲ ಮೋಜಣಿ ಪ್ರಯತ್ನ, ಪುಣೆಯ ಕಡೆ ಪ್ರಿಂಗಲ್ ಎಂಬ ಅಧಿಕಾರಿ ಮಾಡಿದ್ದು, ವಿಫಲವಾಗಿತ್ತು. 1835ರಲ್ಲಿ ಇಂದಾಪುರದಿಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಹೊಸ ಪದ್ಧತಿ ಶುರುಮಾಡಿದರು. 1840ರ ದಶಕದಲ್ಲಿ ವಿಂಗೇಟನ ಮೇಲ್ವಿಚಾರಣೆಯಲ್ಲಿ ಅದು ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದ ನಮ್ಮ ಭಾಗಕ್ಕೆ ಬಂತು. 1847ರ ಜಂಟಿ ವರದಿ ಅದಕ್ಕೆ ಅಂತಿಮ ರೂಪ ಕೊಟ್ಟಿತು.

ಈ ಪದ್ಧತಿಯ ಹೆಚ್ಚುಗಾರಿಕೆ ಇದ್ದುದು ಅಚ್ಚಿನಲ್ಲಿ. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು, ಎಲ್ಲೆಗೆ ಕಲ್ಲು. 33 ಅಡಿಯ ಸರಪಳಿಯಿಂದ ಅಳತೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಗುಂಟೆಗೆ 16 ಆಣೆ. ಮಣ್ಣಿನಲ್ಲಿ ಮೂರು ಜಾತಿ: ಸಣ್ಣ ಕಣದ ಕಪ್ಪು ಎರಿ, ಅದಕ್ಕಿಂತ ತಿಳಿಯಾದ ಕೆಂಪು ಮಸಾರಿ, ಗರಸು. ಆಳವನ್ನೂ ದೋಷವನ್ನೂ ನೋಡಿ ಒಂಬತ್ತು ದರ್ಜೆ. ಅತ್ಯುತ್ತಮ ನೆಲಕ್ಕೆ 16 ಆಣೆ ಬೆಲೆ, ಕೆಳಗಿಳಿದಂತೆ ಕಡಿಮೆ. ಬೈಲಹೊಂಗಲದ ಹತ್ತಿ ಬೆಳೆಯುವ ಎರಿಗೂ ಕಿತ್ತೂರಿನ ಮಲೆನಾಡ ಸೆರಗಿನ ಕೆಂಪು ನೆಲಕ್ಕೂ ಒಂದೇ ಕೋಷ್ಟಕ. ಆಕಾರ 30 ವರ್ಷಕ್ಕೆ ಸ್ಥಿರ.

ವಿಂಗೇಟನ ಕೆಲಸವನ್ನು ‘ಮಾಡೆಲ್’ ಎನ್ನದೆ ಬೇರೇನು ಎನ್ನಬೇಕು? ಯಾವ ಸಂಗತಿಯನ್ನು ಬರೆಯಬೇಕು, ಯಾವ ಅಳತೆಯಲ್ಲಿ, ಎಷ್ಟು ಬಗೆಗಳಲ್ಲಿ ಎಂಬುದನ್ನು ಅವನು ಮೊದಲೇ ಗೊತ್ತುಮಾಡಿದ. ಆ ಬಳಿಕ ಸಾವಿರಾರು ಹಳ್ಳಿಗಳಲ್ಲಿ ಅದನ್ನು ತುಂಬುವುದು ಶಿಸ್ತಿನ ಕೆಲಸವಾಯಿತಷ್ಟೆ.

ಆದರೆ ಆ ಅಚ್ಚು ಸರ್ಕಾರದ ಪ್ರಶ್ನೆಗೆ ಉತ್ತರವಾಗಿತ್ತು: ಈ ಹೊಲದ ಕಂದಾಯ ಎಷ್ಟು, ಯಾರು ಕಟ್ಟುತ್ತಾರೆ? ಆ ಹೊಲವನ್ನು ಲಾವಣಿಗೆ ಹಿಡಿದು ಉಳುವವರು ಯಾರು, ಅಡವು ಹಿಡಿದವರು ಯಾರು, ಮನೆಯಲ್ಲಿ ಪಾಲುದಾರರು ಎಷ್ಟು ಜನ ಎಂಬುದಕ್ಕೆ ಅದರಲ್ಲಿ ಸರಿಯಾದ ಕಾಲಂ ಇರಲಿಲ್ಲ. ಈ ಕೊರತೆ ನೀಗಲು ಮುಂಬಯಿ ಸರ್ಕಾರ 1903ರಲ್ಲಿ ಹಕ್ಕುದಾಖಲೆಯ ಕಾನೂನು ತರಬೇಕಾಯಿತು. 1913ರಲ್ಲಿ ಅದು ಭೂಕಂದಾಯ ಸಂಹಿತೆಯೊಳಗೆ ಸೇರಿತು. ಅಂದರೆ, ಒಂದು ಕಾಲಂ ಬಿಟ್ಟುಹೋದದ್ದನ್ನು ಸರಿಪಡಿಸಲು ಅರ್ಧ ಶತಮಾನಕ್ಕಿಂತ ಹೆಚ್ಚು ಹಿಡಿಯಿತು.

ಮುಂಬಯಿ ಪದ್ಧತಿಯ 7 ಮತ್ತು 12ನೇ ನಮೂನೆಗಳನ್ನು ಕೂಡಿಸಿದ ಪ್ರತಿಗೆ ಮಹಾರಾಷ್ಟ್ರದಲ್ಲಿ ಇಂದಿಗೂ ‘ಸಾತ್ ಬಾರಾ ಉತಾರಾ’ ಎಂದೇ ಹೆಸರು. ನಮ್ಮ ಉತಾರವೂ ಅದೇ ಮಾತು. ಉತಾರಾ ಎಂದರೆ ಮೂಲದಿಂದ ಇಳಿಸಿಕೊಂಡ ನಕಲು. ಈ ಮಾತಿನಲ್ಲಿ ದೊಡ್ಡ ಅರ್ಥವಿದೆ. ರೈತನ ಕೈಯಲ್ಲಿರುವುದು ದೊಡ್ಡ ರಿಜಿಸ್ಟರಿನಿಂದ ಇಳಿಸಿದ ಒಂದು ತುಣುಕು. ದತ್ತಾಂಶದ ಕಣಜದಿಂದ ಕೇಳಿದಷ್ಟನ್ನು ಇಳಿಸಿ ತೋರಿಸುವ ವೆಬ್ ಪುಟವೂ ಒಂದು ಉತಾರವೇ.

ಬರೆದದ್ದೇ ನಿಜ

ರಾಮದುರ್ಗದ ಕಥೆ ಸ್ವಲ್ಪ ಬೇರೆ. ಅದು ಭಾವೆ ಮನೆತನದ ಸಂಸ್ಥಾನ, ತನ್ನದೇ ಆಡಳಿತ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಅದೂ ಅದೇ ಕಂದಾಯ ವ್ಯವಸ್ಥೆಯೊಳಗೆ ಬಂತು. 1951ರಲ್ಲಿ ಮುಂಬಯಿ ರಾಜ್ಯ ಕುಲಕರ್ಣಿ ವತನಗಳನ್ನು ತೆಗೆದುಹಾಕಿತು. ದಫ್ತರ ಸಂಬಳದ ನೌಕರನಾದ ತಲಾಠಿಯ ಕೈಗೆ ಹೋಯಿತು. 1956ರ ನವೆಂಬರ್ 1ರಂದು ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಹಳೆಯ ಮೈಸೂರು ಎಂದು ಐದು ಕಡೆಯ ಐದು ಪದ್ಧತಿಗಳು ಒಂದೇ ರಾಜ್ಯದಲ್ಲಿ ಕೂಡಿದವು. ಅವನ್ನೆಲ್ಲ ಒಂದು ಅಚ್ಚಿಗೆ ತಂದದ್ದು 1964ರ ಭೂಕಂದಾಯ ಕಾಯ್ದೆ. ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಕಾಗದದಲ್ಲಿ ತೋರಿಸುವ 16ನೇ ನಮೂನೆ, ಅಂದರೆ ಇಂದಿನ ಪಹಣಿ, ರೂಪುಗೊಂಡಿತು.

ಅದರ 9ನೇ ಕಾಲಂ ಸ್ವಾಧೀನದಾರನದು. 11ನೇ ಕಾಲಂ ಇತರ ಹಕ್ಕು ಮತ್ತು ಋಣಗಳದು. 12ನೇ ಕಾಲಂ ಸಾಗುವಳಿ ಮಾಡುವವನದು ಮತ್ತು ಬೆಳೆಯದು. ಇದೇ ಕಾಯ್ದೆಯ 133ನೇ ಕಲಂ ಪ್ರಕಾರ, ದಾಖಲೆಯಲ್ಲಿ ಬರೆದದ್ದನ್ನು ಸುಳ್ಳೆಂದು ಸಾಧಿಸುವವರೆಗೆ ನಿಜವೆಂದೇ ತಿಳಿಯಬೇಕು. ಹೀಗಾಗಿ ಕಾಲಂನಲ್ಲಿ ಹೆಸರಿದ್ದವನು ಸುಮ್ಮನೆ ಕೂಡಬಹುದು. ಹೆಸರಿಲ್ಲದವನು ಸಾಕ್ಷಿ ಹುಡುಕುತ್ತ ಓಡಾಡಬೇಕು.

1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಯಾಗಿ, ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದಾಗ ಈ ಮಾತಿನ ತೂಕ ಏನೆಂದು ತಿಳಿಯಿತು. ಭೂ ನ್ಯಾಯಮಂಡಳಿಗಳ ಮುಂದೆ 12ನೇ ಕಾಲಂನ ಒಂದು ಸಾಲು ಹತ್ತು ಸಾಕ್ಷಿಗಳ ಬಾಯಿಮಾತಿಗೆ ಸಮನಾಯಿತು. ಎಷ್ಟೋ ವರ್ಷ ಉತ್ತು ಬಿತ್ತಿದವನ ಹೆಸರು ಅಲ್ಲಿದ್ದರೆ ಹೊಲ ಅವನದಾಗುವ ದಾರಿ ಸುಗಮ, ಇಲ್ಲದಿದ್ದರೆ ಕಷ್ಟ.

ಮಲಪ್ರಭೆಯ ನೀರಿನ ಕಥೆಯೂ ಇಂಥದ್ದೇ. ಸವದತ್ತಿ ತಾಲೂಕಿನ ನವಿಲುತೀರ್ಥದ ಆಣೆಕಟ್ಟೆಯ ಕಾಲುವೆಗಳು ಹರಿದ ಪ್ರದೇಶದಲ್ಲಿ 1980ರಲ್ಲಿ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು. ನರಗುಂದ, ನವಲಗುಂದಗಳಲ್ಲಿ ಗೋಲೀಬಾರ್ ನಡೆದು ಸಾವುಗಳಾದವು. ರೈತರ ದೂರುಗಳಲ್ಲಿ ಮುಖ್ಯವಾದದ್ದು ಇದು: ಹೊಲಕ್ಕೆ ನೀರು ಬಂದಿರಲಿ ಬಿಡಲಿ, ಅಚ್ಚುಕಟ್ಟು ಎಂದು ಕಾಗದದಲ್ಲಿ ಸೇರಿದ್ದರೆ ಕರ ಕಟ್ಟಬೇಕು. ಹೊಲ ಒಂದು ಹೇಳುತ್ತದೆ, ಕಾಗದ ಇನ್ನೊಂದು ಹೇಳುತ್ತದೆ. ಸರ್ಕಾರ ನಂಬುವುದು ಕಾಗದವನ್ನು.

‘ಭೂಮಿ’ ಬಂದ ಮೇಲೆ

ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ ಕೇಂದ್ರ ಸರ್ಕಾರದ ಯೋಜನೆ 1988-89ರಲ್ಲಿ ಶುರುವಾಯಿತು. ಕರ್ನಾಟಕದಲ್ಲಿ 1991ರಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ ಪ್ರಯೋಗ ನಡೆಯಿತು. ನಿಜವಾದ ವೇಗ ಬಂದದ್ದು ಶತಮಾನದ ಕೊನೆಗೆ, ‘ಭೂಮಿ’ ಯೋಜನೆಯಿಂದ. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಇದರ ಹೊಣೆ ಹೊತ್ತಿದ್ದರು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ, ಎನ್‌ಐಸಿ. ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಗಣಕ ಸೇರಿದವು. ಅದುವರೆಗೆ ಅವು ಸುಮಾರು 9,000 ಗ್ರಾಮ ಲೆಕ್ಕಾಧಿಕಾರಿಗಳ ಕೈಯಲ್ಲಿದ್ದವು. 2002ರ ಹೊತ್ತಿಗೆ ತಾಲೂಕು ಕಚೇರಿಗಳಲ್ಲಿ ಕಿಟಕಿ ತೆರೆದು, 15 ರೂಪಾಯಿಗೆ ಯಾರು ಬೇಕಾದರೂ ಉತಾರ ಪಡೆಯುವಂತಾಯಿತು. ಕೈಬರಹದ ಉತಾರಕ್ಕೆ ಬೆಲೆ ಹೋಯಿತು.

ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರತಿಯಂತೆಯೇ ತೆಗೆದುಕೊಳ್ಳಬೇಕು. ನಡುವೆ ಯಾರನ್ನೂ ಮುಂದೆ ತರುವಂತಿಲ್ಲ. ದಾಖಲೆ ಮುಟ್ಟುವ ನೌಕರ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು. ವಶೀಲಿ ಮತ್ತು ಕೈಬಿಸಿಗೆ ಇದರಿಂದ ತಡೆ ಬಿದ್ದಿತೆಂದು ಹೊಗಳಿಕೆ ಬಂತು. ಆದರೆ ಒಳ್ಳೆಯ ಮಾತಿನ ಜೊತೆಗೆ ಎಚ್ಚರಿಕೆಯ ಮಾತೂ ಕೇಳಿತು. ಎಲ್ಲ ದಾಖಲೆ ಒಂದೆಡೆ ಸುಲಭವಾಗಿ ಸಿಗುವುದರಿಂದ ಬೆಂಗಳೂರಿನ ಸುತ್ತ ಅನುಕೂಲವಾದದ್ದು ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರಿಗೆ ಎಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದರು. ಹಳ್ಳಿಯ ಲೆಕ್ಕಿಗನ ಬಳಿಯಲ್ಲಿ ಕೂತು ತಿಳಿಸಿ ಹೇಳಬಹುದಾಗಿದ್ದ ಸಂಗತಿ ಗಣಕದ ಕಾಲಂಗೆ ಒಗ್ಗದೆ ಹೊರಗುಳಿಯಬಹುದು ಎಂಬ ಆತಂಕ ಸಣ್ಣದಲ್ಲ.

ಭೂಮಿ ತಂತ್ರಾಂಶ ಮೊದಲು ವೆಬ್ ಮೇಲೆ ಇರಲಿಲ್ಲ ಎಂಬುದನ್ನು ಇಂದಿನ ವಿದ್ಯಾರ್ಥಿಗಳು ತಿಳಿಯಬೇಕು. ಅದು ವಿಷುಯಲ್ ಬೇಸಿಕ್‌ನಲ್ಲಿ ಬರೆದದ್ದು, ತಾಲೂಕಿಗೊಂದು ಸರ್ವರ್. ಜಾಂಗೊ, ರೈಲ್ಸ್‌ನಂಥವು ಆಗಿನ್ನೂ ಹುಟ್ಟಿರಲಿಲ್ಲ. ತಾಲೂಕುಗಳ ಮಾಹಿತಿ ಒಂದೆಡೆ ಸೇರಿ, ಅಂತರಜಾಲದಲ್ಲಿ ಯಾರು ಬೇಕಾದರೂ ನೋಡುವಂತಾದದ್ದು ಅನಂತರದ ಹೆಜ್ಜೆ.

ಹೊಸಬನ ಮೊದಲ ಪಾಠ

ಈಗ ಕಲಿಯುವವನ ಮಾತಿಗೆ ಬರೋಣ. ಬೈಲಹೊಂಗಲದ ಒಬ್ಬ ವಿದ್ಯಾರ್ಥಿನಿ ಜಾಂಗೊ ಬಳಸಿ ಒಂದು ಚಿಕ್ಕ ಉತಾರ ತಾಣ ಮಾಡಲು ಕೂತಳು ಎಂದುಕೊಳ್ಳಿ. ಒಂದು ಆಜ್ಞೆ ಕೊಟ್ಟರೆ ಬೇಕಾದ ಕಡತಗಳೆಲ್ಲ ಸಿದ್ಧ. ಇನ್ನೊಂದು ಆಜ್ಞೆಗೆ ತಾಣ ಅವಳ ಗಣಕದಲ್ಲೇ ಓಡತೊಡಗುತ್ತದೆ. ಮಾಹಿತಿ ತುಂಬುವ ಆಡಳಿತ ಪುಟ ಕೂಡ ಸಿದ್ಧವಾಗಿಯೇ ಬರುತ್ತದೆ. ಇಷ್ಟಕ್ಕೆ ಒಂದು ಮಧ್ಯಾಹ್ನ ಸಾಕು. ಕಷ್ಟ ಶುರುವಾಗುವುದು ‘ಮಾಡೆಲ್’ ಬರೆಯುವಾಗ. ಅಂದರೆ ವಿಂಗೇಟ್ ಕೂತಿದ್ದ ಕುರ್ಚಿಯಲ್ಲಿ ಅವಳು ಕೂತಾಗ.

ಮೊದಲ ಕಾಲಂ ಸರ್ವೆ ನಂಬರು. ನಂಬರು ಎಂದ ಮಾತ್ರಕ್ಕೆ ಅದನ್ನು ಅಂಕಿ ಎಂದು ಯಂತ್ರಕ್ಕೆ ಹೇಳಿದರೆ ಕೆಟ್ಟಿತು. ಹೊಲ ಪೋಡಿಯಾಗಿ ‘112/2ಬ’ ಎಂಬ ಹಿಸ್ಸಾ ಬಂದಾಗ ಯಂತ್ರ ಅದನ್ನು ಒಲ್ಲೆ ಎನ್ನುತ್ತದೆ. ಎರಡನೆಯದು ಕ್ಷೇತ್ರ. 1 ಎಕರೆ 30 ಗುಂಟೆಯನ್ನು 1.30 ಎಂದು ದಶಾಂಶದಲ್ಲಿ ಬರೆದು, ಅಂಥ ಎರಡು ಹೊಲ ಕೂಡಿಸಿದರೆ ಯಂತ್ರ 2.60 ಎನ್ನುತ್ತದೆ. ರೈತನ ಲೆಕ್ಕದಲ್ಲಿ ಅದು 3 ಎಕರೆ 20 ಗುಂಟೆ. ಎಲ್ಲವನ್ನೂ ಗುಂಟೆ ಆಣೆಯಲ್ಲಿ ಇಟ್ಟು, ತೋರಿಸುವಾಗ ಎಕರೆ ಮಾಡುವುದೇ ಸರಿಯಾದ ದಾರಿ.

ಮೂರನೆಯದು ತಾಲೂಕು. ಪ್ರತಿ ಹೊಲದ ಸಾಲಿನಲ್ಲೂ ‘ಬೈಲಹೊಂಗಲ’ ಎಂದು ಬರೆದಿಟ್ಟರೆ, ಕಿತ್ತೂರು ಬೇರೆ ತಾಲೂಕಾದಾಗ ಸಾವಿರಾರು ಸಾಲು ತಿದ್ದಬೇಕು. ಹೊಲ ಹಳ್ಳಿಗೆ ಸೇರಿದ್ದು, ಹಳ್ಳಿ ತಾಲೂಕಿಗೆ ಸೇರಿದ್ದು ಎಂದು ಬೇರೆ ಬೇರೆ ಕೋಷ್ಟಕ ಮಾಡಿದ್ದರೆ ಹಳ್ಳಿಗೊಂದು ತಿದ್ದುಪಡಿ ಸಾಕು. ಹಳೆಯ ಕಾಗದದ ಸಂಪಗಾವಿ, ಪರಸಗಡಗಳ ಹೆಸರನ್ನೂ ಆಗ ಕಳೆಯದೆ ಇಡಬಹುದು.

ನಾಲ್ಕನೆಯದು ಹೆಸರು, ಇದೇ ಎಲ್ಲಕ್ಕಿಂತ ಸೂಕ್ಷ್ಮ. ಹೊಲಕ್ಕೆ ಒಬ್ಬನೇ ಒಡೆಯ ಎಂದು ಒಂದೇ ಕಾಲಂ ಇಟ್ಟರೆ ಒಟ್ಟು ಕುಟುಂಬದ ಉಳಿದವರು ಎಲ್ಲಿ ಹೋಗಬೇಕು? 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಹಿಂದೂ ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು. 2005ರಲ್ಲಿ ದೇಶಕ್ಕೆಲ್ಲ ಅದು ಬಂತು. ಕಾನೂನು ಬದಲಾದರೂ ಕಾಲಂ ಒಂದೇ ಇದ್ದರೆ ಅದರಲ್ಲಿ ಕೂಡುವುದು ಅಣ್ಣನ ಹೆಸರೇ. ಒಡೆಯ ತೀರಿಕೊಂಡಾಗ ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಬರೆಯುವುದು ಯಂತ್ರದಲ್ಲಿ ಸಲೀಸು. ಆದರೆ ಯಾವ ಆಧಾರದ ಮೇಲೆ, ಯಾವ ದಿನ, ಯಾರ ಆದೇಶದಿಂದ ಹೆಸರು ಬದಲಾಯಿತು ಎಂಬುದನ್ನು ಹಳೆಯ ಹಕ್ಕು ಬದಲಾವಣೆಯ ರಿಜಿಸ್ಟರು ನಂಬರಿನೊಂದಿಗೆ ಕಾಯ್ದುಕೊಂಡಿತ್ತು. ಅಳಿಸದೆ ಸೇರಿಸುವ ಆ ಹಳೆಯ ಶಿಸ್ತನ್ನು ಹೊಸ ತಾಣವೂ ಕಲಿಯಬೇಕು.

ಇವುಗಳಲ್ಲಿ ಒಂದನ್ನೂ ಚೌಕಟ್ಟು ಹೇಳಿಕೊಡುವುದಿಲ್ಲ. ಅದು ಆವಕ ಜಾವಕ ನೋಡಿಕೊಳ್ಳುತ್ತದೆ, ಬಾಗಿಲು ಕಾಯುತ್ತದೆ, ನಮೂನೆ ತುಂಬುತ್ತದೆ. ರಿಜಿಸ್ಟರಿನ ತಲೆಬರಹ ಮಾತ್ರ ಬರೆಯುವವರ ವಿವೇಕಕ್ಕೆ ಬಿಟ್ಟದ್ದು. ಮೊದಲಿಗೆ ತಪ್ಪಿದ್ದನ್ನು ಆಮೇಲೆ ತಿದ್ದಲು ಚೌಕಟ್ಟಿನಲ್ಲಿ ‘ಮೈಗ್ರೇಶನ್’ ಎಂಬ ಸೌಲಭ್ಯವಿದೆ. ಕಾಲಂ ಸೇರಿಸಲು 1903ರಂತೆ ಹೊಸ ಕಾನೂನು ಬೇಕಾಗಿಲ್ಲ, ನಾಲ್ಕು ಸಾಲು ಸಾಕು. ಆದರೆ ಕಾಲಂ ಬಿಟ್ಟುಹೋಗಿದೆ ಎಂದು ಯಾರಿಗಾದರೂ ಗೊತ್ತಾಗಬೇಕಲ್ಲ? ಗೊತ್ತಾಗುವುದು ಕಿಟಕಿಯ ಮುಂದೆ ನಿಂತವನಿಗೆ.

ಆದ್ದರಿಂದ ವೆಬ್ ಚೌಕಟ್ಟು ಕಲಿಯಲು ಹೊರಟ ನಮ್ಮ ಭಾಗದ ಹುಡುಗ ಹುಡುಗಿಯರು ಗಣಕದ ಮುಂದೆ ಕೂಡುವ ಮೊದಲು ಮನೆಯ ಟ್ರಂಕಿನಲ್ಲಿರುವ ಹಳೆಯ ಉತಾರವನ್ನು ತೆಗೆದು, ಅಜ್ಜನನ್ನೋ ಅವ್ವನನ್ನೋ ಬಳಿ ಕೂಡ್ರಿಸಿಕೊಂಡು ಕಾಲಂ ಕಾಲಂ ಓದುವುದು ಒಳ್ಳೆಯದು. ಯಾವ ಹೆಸರು ಅಲ್ಲಿದೆ, ಯಾವುದು ಇಲ್ಲ, ಏಕೆ ಇಲ್ಲ ಎಂದು ಕೇಳಬೇಕು. ಆಜ್ಞೆಗಳನ್ನು ಯಾವ ಪುಸ್ತಕದಿಂದಲಾದರೂ ಕಲಿಯಬಹುದು. ಒಂದು ಕಾಲಂ ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವೆ ಒಬ್ಬರ ಹೊಲ ನಿಂತಿರುತ್ತದೆ ಎಂಬುದನ್ನು ಮಾತ್ರ ಉತಾರದಿಂದಲೇ ಕಲಿಯಬೇಕು.